ಬ್ರೆಮೆನ್ ಬೀದಿ

ಅಮೆರಿಕದ ಸಿನ್ಸಿನಾಟಿಯ ಚರಿತ್ರೆ ಓದುತ್ತಿದ್ದೇನೆ. ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಜರ್ಮನಿಯಿಂದ ವಲಸೆ ಬಂದವರು ಬೆವರು ಸುರಿಸಿ ಬೆಳೆಸಿದ ಊರು ಅದು. ಕಾಲುವೆಯಾಚೆ ಅವರು ನೆಲೆಸಿದ್ದ ಬಡಾವಣೆಗೆ 'ಓವರ್ ದ ರೈನ್' ಎಂದೇ ಹೆಸರು. 'ರೈನ್ ನದಿಯಾಚೆ' ಎಂದು ಅರ್ಥ. ಆ ಕಾಲುವೆಯೇ ಅವರ ಪಾಲಿಗೆ ಜರ್ಮನಿಯ ರೈನ್ ನದಿ. ಚರ್ಚಿನಲ್ಲಿ, ಶಾಲೆಯಲ್ಲಿ, ಪತ್ರಿಕೆಯಲ್ಲಿ ಜರ್ಮನ್ ಭಾಷೆ ಸಲೀಸಾಗಿ ಓಡಾಡಿಕೊಂಡಿತ್ತು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಜರ್ಮನ್ ಎನಿಸಿದ ಹೆಸರುಗಳ ಮೇಲೂ ಸಿಟ್ಟು ತಿರುಗಿತು. ಮರುವರ್ಷದ ಏಪ್ರಿಲ್ ಹೊತ್ತಿಗೆ ಬರ್ಲಿನ್ ಬೀದಿ ವುಡ್‌ವರ್ಡ್ ಬೀದಿಯಾಯಿತು, ಬಿಸ್ಮಾರ್ಕ್ ಬೀದಿ ಮಾಂಟ್ರಿಯಲ್ ಬೀದಿಯಾಯಿತು, ಜರ್ಮನ್ ಬೀದಿ ಇಂಗ್ಲಿಷ್ ಬೀದಿಯಾಯಿತು. ಬ್ರೆಮೆನ್ ಬೀದಿಗೆ ರಿಪಬ್ಲಿಕ್ ಎಂದು ಹೆಸರಿಟ್ಟರು. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಬ್ರೆಮೆನ್ ಎಂದರೆ ಜರ್ಮನಿಯ ಚಕ್ರವರ್ತಿ ಕೈಸರನ ಹೆಸರಲ್ಲ, ಸೇನಾಪತಿಯ ಹೆಸರೂ ಅಲ್ಲ, ಅದು ಜರ್ಮನಿಯ ಒಂದು ಊರು. ಅಮೆರಿಕಕ್ಕೆ ಹೊರಟ ಲಕ್ಷಾಂತರ ಬಡವರು ಹಡಗು ಹತ್ತಿದ್ದು ಆ ಊರಿನ ಬಂದರಿನಿಂದ. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಕೊನೆಯದಾಗಿ ಕಂಡ ತಾಯ್ನೆಲ ಅದು. ಅದೇ ಮನೆತನಗಳ ಹುಡುಗರು ಅಮೆರಿಕದ ಸಮವಸ್ತ್ರ ತೊಟ್ಟು ಜರ್ಮನಿಯ ವಿರುದ್ಧವೇ ಹೋರಾಡುತ್ತಿದ್ದರು. ಇತ್ತ ಶಾಲೆಗಳಲ್ಲಿ ಅವರ ಭಾಷೆಯ ಪಾಠವನ್ನೂ ನಿಲ್ಲಿಸಿದರು. ಇದನ್ನು ದೇಶಪ್ರೇಮ ಎಂದು ಒಪ್ಪಲು ನನ್ನಿಂದ ಆಗುವುದಿಲ್ಲ.

ಹಳೆಯ ಹೆಸರುಗಳು ಮರಳಿ ಬರಲಿಲ್ಲ. ಆದರೆ ಎಷ್ಟೋ ವರ್ಷಗಳ ಮೇಲೆ ಅಂಥ ಕೆಲವು ಬೀದಿಗಳಲ್ಲಿ ಹಿಂದಿನ ಹೆಸರನ್ನೂ, ಅದನ್ನು ಕಿತ್ತುಹಾಕಿದ ಕಾರಣವನ್ನೂ ಬರೆದ ಫಲಕ ಹಾಕಿದ್ದಾರೆ. ಕಾರಣವನ್ನು ಮುಚ್ಚಿಡದೆ ಬರೆದದ್ದು ನನಗೆ ತುಂಬ ಹಿಡಿಸಿತು. ಆ ಕಡೆ ಇರುವ ಕನ್ನಡದ ಗೆಳೆಯರು ಯಾರಾದರೂ ರಿಪಬ್ಲಿಕ್ ಬೀದಿಗೆ ಹೋದರೆ ಆ ಫಲಕದ ಫೋಟೋ ಕಳಿಸಿ.