ನೋವು ಸುಮ್ಮನಾದ ಮೇಲೆ

"ಹೋಗೇ ಬಿಡ್ತು ನೋಡ್ರಿ ಮೇಡಂ, ನೋವು!"

"ಹೋಗಿಲ್ಲಕ್ಕಾ, ಸುಮ್ನಾಗೈತಿ ಅಷ್ಟೇ. ಎದ್ದೇಳ್ರಿ, ಈಗ್ಲೇ ಎಕ್ಸರ್ಸೈಜ್ ಮಾಡ್ಬೇಕು."

"ಸುಮ್ನಿದ್ರೆ ಸಾಕ್ ಬಿಡ್ರಿ. ನಾನು ಹೋಗಿ ಹೊಲ್ಕಂತೀನಿ."

ಈ ವಾರವೆಲ್ಲ ನನ್ನ ಕಿವಿಯಲ್ಲಿ ತಿರುಗುತ್ತಿರುವುದು ಈ ಮೂರು ಮಾತುಗಳು. ಬಳ್ಳಾರಿಯಲ್ಲಿ ನಾನು ಭುಜದ ಚಿಕಿತ್ಸೆಗೆ ಹೋಗುವ ಫಿಜಿಯೋಥೆರಪಿ ಕೊಠಡಿಯಲ್ಲಿ ಹಾಸಿಗೆಗಳ ನಡುವೆ ಗೋಡೆಯಿಲ್ಲ, ಹಸಿರು ಬಟ್ಟೆಯ ಪರದೆಗಳಿವೆ. ಮುಖ ಕಾಣದಿದ್ದರೂ ಮಾತೆಲ್ಲ ಕೇಳಿಸುತ್ತದೆ. ಪಕ್ಕದ ಹಾಸಿಗೆಯಲ್ಲಿ ನೋವಿಗೆ ವಿದ್ಯುತ್ ಕೊಡುವ ಯಂತ್ರ ಕೀ ಎಂದು ಕೂಗಿ ನಿಂತದ್ದೇ ತಡ, ಆ ಹೆಂಗಸು ಹಿಗ್ಗಿನಿಂದ ಎದ್ದು ಕುಳಿತದ್ದು ಮಂಚದ ಸದ್ದಿನಿಂದಲೇ ತಿಳಿಯಿತು. ಫಿಜಿಯೋಥೆರಪಿಸ್ಟ್ ಕೊಟ್ಟ ಉತ್ತರದಲ್ಲಿ ಆ ಹಿಗ್ಗಿಗೆ ನೀರೆರಚುವ ಉದ್ದೇಶ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ಆದರೆ ಮೂರನೆಯ ಮಾತಿಗೆ ಅವರ ಬಳಿಯೂ ತಕ್ಷಣ ಉತ್ತರವಿರಲಿಲ್ಲ ಎಂಬುದು ಪರದೆಯಾಚೆ ಬಿದ್ದ ಬಿಡುವಿನಿಂದ ಗೊತ್ತಾಯಿತು.

ಆ ಅಕ್ಕ ಕೌಲ್ ಬಜಾರಿನ ಕಡೆಯವರು, ಜೀನ್ಸ್ ಪ್ಯಾಂಟಿನ ಹೊಲಿಗೆಯವರು. ಬಳ್ಳಾರಿಯ ಜೀನ್ಸ್ ಎಂದರೆ ದೊಡ್ಡ ಕಾರ್ಖಾನೆಯೊಂದನ್ನು ಕಲ್ಪಿಸಿಕೊಳ್ಳುವವರಿಗೆ ಹೇಳಬೇಕಾದ ಮಾತೆಂದರೆ, ಅದರ ಬಹುಪಾಲು ಹುಟ್ಟುವುದು ಮನೆಯ ಪಡಸಾಲೆಗಳಲ್ಲಿ, ಚಿಕ್ಕ ಶೆಡ್ಡುಗಳಲ್ಲಿ. ಒಬ್ಬರು ಜೇಬು ಕೂಡಿಸುತ್ತಾರೆ, ಒಬ್ಬರು ಸೊಂಟಪಟ್ಟಿ ಹಚ್ಚುತ್ತಾರೆ, ಇನ್ನೊಬ್ಬರು ದಾರ ಕತ್ತರಿಸುತ್ತಾರೆ. ಕೂಲಿಯೆಲ್ಲ ಪೀಸಿನ ಲೆಕ್ಕದಲ್ಲಿ. ಇವರದು ಸೊಂಟಪಟ್ಟಿ. ದಪ್ಪ ಬಟ್ಟೆಯ ನಾಲ್ಕು ಪದರವನ್ನು ಸೂಜಿಯ ಕೆಳಗೆ ಎರಡೂ ಕೈಯಿಂದ ತಳ್ಳುತ್ತ, ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ, ಬಲಗಾಲನ್ನು ಪೆಡಲಿನಿಂದ ಎತ್ತದೆ ಕೂರುವ ಕೆಲಸ. ಇನ್ನೊಬ್ಬರ ಸೊಂಟಪಟ್ಟಿ ಹೊಲಿದೂ ಹೊಲಿದೂ ಅವರ ಸೊಂಟವೇ ಹಿಡಿದುಕೊಂಡಿದೆ. ಅವರ ಯಜಮಾನರು ಹೊರಗಿನ ಬೆಂಚಿನ ಮೇಲೆ ಕುಳಿತು ನಡುನಡುವೆ "ಆಯ್ತಾ?" ಎಂದು ಕೂಗಿ ಕೇಳುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಮೊದಲ ದಿನದಿಂದಲೇ ಅಸಮಾಧಾನವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಹೆಂಡತಿಯನ್ನು ಬೈಕಿನಲ್ಲಿ ಕರೆತಂದು ಕಾಯುವ ಗಂಡಂದಿರನ್ನು ಆ ಕೊಠಡಿಯಲ್ಲಿ ನಾನು ಹೆಚ್ಚು ಕಂಡಿಲ್ಲವೆಂಬುದನ್ನೂ ಹೇಳಬೇಕು.

ನಮ್ಮ ಕಡೆ ಈ ಚಿಕಿತ್ಸೆಗೆ ಜನ ಇಟ್ಟಿರುವ ಹೆಸರು "ಕರೆಂಟ್ ಕೊಡೋದು". ಹೆಸರು ಕೇಳಿ ಹೆದರುವವರೂ ಇದ್ದಾರೆ, ಆದರೆ ಮನೆಯ ಪ್ಲಗ್ಗಿನ 230 ವೋಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಚರ್ಮದ ಮೂಲಕ ಹೋಗುವುದು ಮಿಲಿಆಂಪಿಯರಿನಲ್ಲಿ ಅಳೆಯುವ, ಕ್ಷಣದ ಸಣ್ಣ ಭಾಗದಲ್ಲಿ ಬಂದುಹೋಗುವ ಮಿಡಿತಗಳು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಫಿಜಿಯೋಥೆರಪಿಸ್ಟ್ ಮೊದಲು ಎರಡು ಗಾಜಿನ ನಳಿಗೆಗಳಲ್ಲಿ ಬಿಸಿನೀರು, ತಣ್ಣೀರು ತುಂಬಿ ಭುಜಕ್ಕೆ ತಾಗಿಸಿ, ಕಣ್ಣು ಮುಚ್ಚಿಸಿ, ಯಾವುದು ಯಾವುದೆಂದು ಕೇಳಿದರು. ಸ್ಪರ್ಶ ತಿಳಿಯದ ಚರ್ಮಕ್ಕೆ ಕರೆಂಟು ಹೆಚ್ಚಾದದ್ದು ತಿಳಿಯುವುದಿಲ್ಲ, ಸುಟ್ಟ ಮೇಲೆಯೇ ಗೊತ್ತಾಗುವುದು. ಆಮೇಲೆ ಕಪ್ಪು ರಬ್ಬರಿನ ನಾಲ್ಕು ಪ್ಯಾಡುಗಳಿಗೆ ತಣ್ಣನೆಯ ಜೆಲ್ ಸವರಿ, ಭುಜದ ಮುಂದೆ ಎರಡು, ಹಿಂದೆ ಎರಡು, ಒಂದು ಜೋಡಿಯ ಕರೆಂಟು ಇನ್ನೊಂದು ಜೋಡಿಯ ಕರೆಂಟನ್ನು ಅಡ್ಡ ಹಾಯುವಂತೆ ಇಟ್ಟು ಪಟ್ಟಿ ಕಟ್ಟಿದರು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ "ಗೊತ್ತಾಯ್ತಾ ಸರ್?", ಇನ್ನಷ್ಟು ತಿರುಗಿಸಿ "ಈಗ?" ಎಂದು ಕೇಳುತ್ತ ಹೋದರು. ಮೊದಲು ಏನೂ ಇಲ್ಲ. ಆಮೇಲೆ ಚರ್ಮದ ಒಳಗೆಲ್ಲೋ ಜುಮುಜುಮು ಎಂದಿತು. ಇನ್ನೂ ಏರಿಸಿದಾಗ ಮಾಂಸ ಅದುರತೊಡಗಿತು, ಅಲ್ಲಿಂದ ಒಂದು ಹೆಜ್ಜೆ ಇಳಿಸಿ ಬಿಟ್ಟರು. ಕೆಲವು ಕಡೆ ಸಹಾಯಕರೊಬ್ಬರು ಬಂದು ಪ್ಯಾಡು ಅಂಟಿಸಿ, ಗುಂಡಿ ತಿರುಗಿಸಿ, ಮೊಬೈಲು ಹಿಡಿದು ಹೊರಗೆ ಹೋಗಿಬಿಡುತ್ತಾರೆ. ನಾಲ್ಕು ವರ್ಷ ಫಿಜಿಯೋಥೆರಪಿ ಓದಿ, ಆಮೇಲೆ ಇಂಟರ್ನ್‌ಶಿಪ್ಪನ್ನೂ ಮುಗಿಸಿ ಬಂದವರ ಕೈ ಎಲ್ಲಿ ಬೇಕಾಗುತ್ತದೆಂಬುದು ಈ "ಈಗ?" ಎಂಬ ಪ್ರಶ್ನೆಯಲ್ಲಿದೆ.

ನನಗೆ ಕೊಡುವುದು ಐಎಫ್‌ಟಿ, ಅಂದರೆ ಎರಡು ಕರೆಂಟುಗಳನ್ನು ದೇಹದೊಳಗೆ ಸಂಧಿಸುವಂತೆ ಹಾಯಿಸುವ ಇಂಟರ್‌ಫೆರೆನ್ಷಿಯಲ್ ಥೆರಪಿ. ಸೆಕೆಂಡಿಗೆ ಸುಮಾರು 4,000 ಆವರ್ತನೆಯ ಒಂದು ಕರೆಂಟು, 4,100ರ ಇನ್ನೊಂದು. ಇಷ್ಟು ವೇಗದ ಕರೆಂಟನ್ನು ಚರ್ಮ ಹೆಚ್ಚು ತಡೆಯುವುದಿಲ್ಲ, ಒಳಗೆ ಎರಡೂ ಸಂಧಿಸುವಲ್ಲಿ ಅವುಗಳ ವ್ಯತ್ಯಾಸವಾದ 100ರ ಮಿಡಿತ ಹುಟ್ಟುತ್ತದೆ. ಪಕ್ಕದ ಅಕ್ಕನಿಗೆ ಕೊಡುವುದು ಟೆನ್ಸ್, ಅಂಗೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ನಡೆಯುವ ಚಿಕ್ಕ ಪೆಟ್ಟಿಗೆ. ಎರಡರ ಹಿಂದಿನ ತರ್ಕವೂ ಹೆಚ್ಚುಕಡಿಮೆ ಒಂದೇ, ಮತ್ತು ಅದು ಪೆಟ್ಟು ಬಿದ್ದ ಮೊಳಕೈಯನ್ನು ನಾವೆಲ್ಲ ಯಾರೂ ಹೇಳಿಕೊಡದೆ ಉಜ್ಜಿಕೊಳ್ಳುವುದರಲ್ಲಿಯೇ ಇದೆ. ಸ್ಪರ್ಶವನ್ನು ಒಯ್ಯುವ ನರತಂತುಗಳು ದಪ್ಪ, ವೇಗದವು. ಮಂದವಾದ ನೋವನ್ನು ಒಯ್ಯುವವು ತೆಳು, ನಿಧಾನದವು. ಬೆನ್ನುಹುರಿಯಲ್ಲಿ ಎರಡೂ ಒಂದೇ ಕಡೆ ಬಂದು ಸೇರುತ್ತವೆ, ಕನಕದುರ್ಗಮ್ಮನ ಗುಡಿಯಲ್ಲಿ ಜಾತ್ರೆಯ ದಿನ ಜನರೆಲ್ಲ ಒಂದೇ ಬಾಗಿಲಿಗೆ ಬಂದು ಸೇರುವಂತೆ. ಸ್ಪರ್ಶದ ಸುದ್ದಿ ದಂಡಾಗಿ ನುಗ್ಗಿದರೆ ನೋವಿನ ಸುದ್ದಿ ಹಿಂದೆ ಉಳಿಯುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದನ್ನು 1965ರಲ್ಲಿ ಸಿದ್ಧಾಂತವಾಗಿ ಬರೆದರು; ಎರಡು ವರ್ಷದ ನಂತರ ವಾಲ್ ನರಶಸ್ತ್ರವೈದ್ಯ ವಿಲಿಯಂ ಸ್ವೀಟ್ ಜೊತೆಗೂಡಿ ನರಕ್ಕೆ ವಿದ್ಯುತ್ ಕೊಟ್ಟು ನೋಡಿದಾಗ ಕೆಲವು ರೋಗಿಗಳ ನೋವು ನಿಜವಾಗಿಯೂ ತಗ್ಗಿತು. ಸೆಕೆಂಡಿಗೆ ಎರಡು ನಾಲ್ಕು ಮಿಡಿತದಂತೆ ನಿಧಾನವಾಗಿ, ಜೋರಾಗಿ ಕೊಡುವ ಇನ್ನೊಂದು ವಿಧಾನವಿದೆ. ಅದು ಮೆದುಳು ತಾನೇ ತಯಾರಿಸುವ ನೋವುನಿವಾರಕಗಳನ್ನು ಹೊರಡಿಸುತ್ತದೆ. ಸಿದ್ಧಾಂತ ಹೊಸದಾದರೂ ಉಪಾಯ ಹೊಸದಲ್ಲ. ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ, ಕಾಲಿನ ಸಂಧಿವಾತಕ್ಕೆ ಶಾಕ್ ಹೊಡೆಯುವ ಮೀನನ್ನು ಕಾಲ ಕೆಳಗಿಟ್ಟುಕೊಂಡು ಕಾಲು ಜೋಮು ಹಿಡಿಯುವವರೆಗೆ ನಿಲ್ಲಬೇಕೆಂದು ಬರೆದಿದ್ದಾನೆ.

ಇಷ್ಟೆಲ್ಲ ಇದ್ದರೂ ಫಿಜಿಯೋಥೆರಪಿಸ್ಟ್ ಆಡಿದ "ಸುಮ್ನಾಗೈತಿ ಅಷ್ಟೇ" ಎಂಬ ಮಾತಿನಾಚೆಗೆ ವಿಜ್ಞಾನವೂ ಹೆಚ್ಚು ದೂರ ಹೋಗಿಲ್ಲ. ಟೆನ್ಸ್ ಕುರಿತ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬಂದ ಒಂದು ವಿಮರ್ಶೆ, ಯಂತ್ರ ಹಚ್ಚಿರುವಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆಯಿರುತ್ತದೆ ಎಂದು ಕಂಡುಕೊಂಡಿತು. ಆದರೆ ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಟೆನ್ಸ್ ಆಗಲಿ ಐಎಫ್‌ಟಿ ಆಗಲಿ ಕೊಡಬೇಡಿ, ವ್ಯಾಯಾಮ ಮಾಡಿಸಿ ಎಂದು ವೈದ್ಯರಿಗೆ ಹೇಳಿತು. ಮೇಲುನೋಟಕ್ಕೆ ಇವೆರಡು ಜಗಳವಾಡುವಂತೆ ಕಂಡರೂ ನನಗೆ ಹಾಗೆನಿಸುವುದಿಲ್ಲ. ಕರೆಂಟು ಒಂದಿಷ್ಟು ಹೊತ್ತಿನ ಬಿಡುವನ್ನು ಕೊಡುತ್ತದೆ. ಆ ಬಿಡುವಿನಲ್ಲಿ ಬೆನ್ನಿನ, ಹೊಟ್ಟೆಯ ಸ್ನಾಯುಗಳಿಗೆ ಬಲ ಬರುವ ಕೆಲಸ ನಡೆಯದಿದ್ದರೆ ಮರುದಿನ ನೋವು ಅದೇ ಜಾಗಕ್ಕೆ ಬಂದು ಕೂರುತ್ತದೆ. ಹತ್ತು ಸಿಟ್ಟಿಂಗಿಗೆ ಇಷ್ಟು ಎಂದು ಮುಂಗಡ ಹಣ ಕಟ್ಟಿಸಿಕೊಂಡು ಬರೀ ಕರೆಂಟು ಕೊಟ್ಟು ಕಳಿಸುವವರ ಮೇಲೆ ನನಗಿರುವ ಸಿಟ್ಟಿಗೆ ಕಾರಣ ಇದೇ.

ತಪ್ಪು ಅವರೊಬ್ಬರದೇ ಎನ್ನಲಾರೆ. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲವೆನ್ನುವ ನಮ್ಮ ಜನ ಇಲ್ಲಿಯೂ "ಇನ್ನೂ ಜೋರಿಡ್ರಿ ಮೇಡಂ, ಕೊಟ್ಟ ರೊಕ್ಕಕ್ಕ ಗೊತ್ತಾಗ್ಬೇಕಲ್ಲ" ಎಂದು ಹಟ ಹಿಡಿಯುತ್ತಾರೆ; ವ್ಯಾಯಾಮವೆಂದರೆ ಮಾತ್ರ ಚಪ್ಪಲಿ ಹುಡುಕುತ್ತಾರೆ.

ಕರೆಂಟಿನ ಇನ್ನೊಂದು ಮುಖ ಕಂಡದ್ದು ಎದುರಿನ ಹಾಸಿಗೆಯಲ್ಲಿ. ಬೈಕಿನಿಂದ ಬಿದ್ದು ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸಂಡೂರಿನ ಹುಡುಗನೊಬ್ಬನ ತೊಡೆಯ ಮೇಲೆ ಅಗಲವಾದ ಎರಡು ಪ್ಯಾಡುಗಳನ್ನು ಹಚ್ಚಿದ್ದರು. ಅವನ ತೊಡೆ ಇನ್ನೊಂದರ ಮುಕ್ಕಾಲು ಪಾಲಿಗೆ ಇಳಿದಿತ್ತು. ಮೊಣಕಾಲಿಗೆ ಕತ್ತರಿ ಬಿದ್ದು ಬಾವು ಬಂದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ದೇಹವೇ ತಗ್ಗಿಸಿಬಿಡುತ್ತದೆಯಂತೆ; ಎಷ್ಟು ಬಯಸಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಇಲ್ಲಿ ಕರೆಂಟಿನ ಕೆಲಸ ನೋವನ್ನು ಸುಮ್ಮನಾಗಿಸುವುದಲ್ಲ, ಸ್ನಾಯುವಿನ ನರವನ್ನು ನೇರವಾಗಿ ಎಬ್ಬಿಸುವುದು. ಸೆಕೆಂಡಿಗೆ ಐವತ್ತರಷ್ಟು ಮಿಡಿತಗಳು ಹೋದಾಗ ತೊಡೆ ಗಟ್ಟಿಯಾಗಿ ಉಬ್ಬಿತು, ಮೊಣಕಾಲ ಚಿಪ್ಪು ಮೇಲಕ್ಕೆ ಸರಿಯಿತು, ಹಿಮ್ಮಡಿ ಹಾಸಿಗೆಯಿಂದ ಎರಡು ಬೆರಳು ಎದ್ದಿತು. "ನಾನು ಎತ್ತಿಲ್ರಿ, ತಾನೇ ಎತ್ಕಂತೈತಿ!" ಎಂದು ಅವನು ತನ್ನ ಕಾಲನ್ನು ಬೇರೆಯವರ ಕಾಲೆಂಬಂತೆ ನೋಡಿದ. ಫಿಜಿಯೋಥೆರಪಿಸ್ಟ್ ಅವನನ್ನೂ ಸುಮ್ಮನೆ ಮಲಗಿರಲು ಬಿಡಲಿಲ್ಲ. ಹತ್ತು ಸೆಕೆಂಡು ಬಿಗಿತ, ಆಮೇಲೆ ಅದಕ್ಕಿಂತ ಉದ್ದದ ವಿಶ್ರಾಂತಿ, ಏಕೆಂದರೆ ಹೀಗೆ ಹೊರಗಿನಿಂದ ಎಬ್ಬಿಸಿದ ಸ್ನಾಯು ಬೇಗ ದಣಿಯುತ್ತದೆ. ಪ್ರತಿ ಬಿಗಿತಕ್ಕೂ ಅವನು ತಾನೂ ಬಲ ಹಾಕಿ ಎತ್ತಬೇಕು. ಕುಳಿತಲ್ಲೇ ಹೊಟ್ಟೆ ಕರಗಿಸುತ್ತೇವೆಂದು ಟಿವಿಯಲ್ಲಿ ಬೆಲ್ಟು ಮಾರುವವರು ಆ ಹುಡುಗನ ಹಣೆಯ ಬೆವರನ್ನು ನೋಡಬೇಕಿತ್ತು.

ಮತ್ತೆ ಆ ಅಕ್ಕನ ಮಾತಿಗೆ ಬರುತ್ತೇನೆ. "ಸುಮ್ನಿದ್ರೆ ಸಾಕ್ ಬಿಡ್ರಿ" ಎಂಬುದನ್ನು ಮೊದಲು ಕೇಳಿದಾಗ ಅದು ತಿಳಿಯದವರ ಮಾತು ಎನಿಸುವುದು ಸಹಜ. ಬಾಗಬೇಡ ಎಂದು ದೇಹ ಹೇಳುತ್ತಿರುವುದನ್ನು ಅಡಗಿಸಿ, ಅದೇ ಸ್ಟೂಲಿಗೆ ಹೋಗಿ ಬಾಗಿ ಕೂತರೆ ನೋವಿಗೆ ಅವರೇ ಬಡ್ಡಿ ಕಟ್ಟಿದಂತಲ್ಲವೇ? ಆದರೆ ಅವರ ಲೆಕ್ಕವೂ ಲೆಕ್ಕವೇ. ಹೊಲಿಯದ ದಿನ ಕೂಲಿಯಿಲ್ಲ. ರಜೆ, ಪಗಾರ, ಬದಲಿ ಜನ, ಈ ಯಾವುದೂ ಪೀಸಿನ ಲೆಕ್ಕದ ಕೆಲಸದಲ್ಲಿಲ್ಲ. ಇಲ್ಲಿಗೆ ಬರುವ ಮೊದಲು ಅವರು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ನೋವಿನ ಗುಳಿಗೆ ತಂದು ದಿನವೂ ನುಂಗುತ್ತಿದ್ದರಂತೆ. ಅಂಥ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಅದರ ಮುಂದೆ ಈ ಕರೆಂಟು ಎಷ್ಟೋ ನಿರಪಾಯದ ದಾರಿ. ನಿವೃತ್ತನಾಗಿ ಪಿಂಚಣಿ ಎಣಿಸುವ ನಾನು ವ್ಯಾಯಾಮಕ್ಕೆ ಅರ್ಧ ಗಂಟೆ ತೆಗೆದಿಡುವುದು ಸಂಯಮವಲ್ಲ, ಸೌಕರ್ಯ. ಅವರ ಸೊಂಟಕ್ಕೆ ಕಾರಣವಾದ ಸ್ಟೂಲನ್ನು ಕೊಟ್ಟವರು, ಪೀಸಿನ ದರ ಕಟ್ಟಿದವರು ಈ ಕೊಠಡಿಗೆ ಎಂದೂ ಬರುವುದಿಲ್ಲ. ಬರುವುದು ಸೊಂಟ ಮಾತ್ರ.

ಬಿಡುವಿನ ನಂತರ ಅಕ್ಕನೇ ಮಾತು ಮುಂದುವರಿಸಿದರು. ಈ ಚಿಕ್ಕ ಪೆಟ್ಟಿಗೆಯನ್ನು ಮನೆಗೇ ಕೊಂಡುಕೊಂಡರೆ ಹೇಗೆ, ಓಡಾಟವೂ ಉಳಿಯುತ್ತದೆ, ತಮ್ಮ ಅತ್ತೆಯ ಭುಜಕ್ಕೂ ಹಚ್ಚಬಹುದು ಎಂದರು. "ಅತ್ತೆಯವ್ರಿಗೆ ಬೇರೆ ಏನಾರ ತೊಂದ್ರಿ ಐತೇನಕ್ಕಾ?" ಎಂದು ಫಿಜಿಯೋಥೆರಪಿಸ್ಟ್ ವಿಚಾರಿಸಿದಾಗ, ಹೃದಯಕ್ಕೆಂದು ಎದೆಯ ಚರ್ಮದ ಕೆಳಗೆ ಮಷಿನ್ ಕೂರಿಸಿದ ಸಂಗತಿ ಹೊರಬಂತು. ಫಿಜಿಯೋಥೆರಪಿಸ್ಟರ ದನಿ ಒಮ್ಮೆಲೇ ಗಡುಸಾಯಿತು. ಪೇಸ್‌ಮೇಕರ್ ಇದ್ದವರಿಗೆ ಇದನ್ನು ಮುಟ್ಟಿಸಲೇಬಾರದು, ಬಸುರಿಯರ ಹೊಟ್ಟೆ ಸೊಂಟದ ಮೇಲೆ ಇಡಬಾರದು, ಕುತ್ತಿಗೆಯ ಮುಂಭಾಗಕ್ಕೆ ಯಾರಿಗೂ ಇಡಬಾರದು, ಗಾಯವಾದ ಚರ್ಮಕ್ಕೂ ಬೇಡ ಎಂದು ಒಂದೊಂದನ್ನೂ ಅಕ್ಕನ ಬಾಯಿಂದಲೇ ಮತ್ತೆ ಹೇಳಿಸಿದರು. ಆನ್‌ಲೈನಿನಲ್ಲಿ ಇವುಗಳನ್ನು ಕೊಳ್ಳುವಾಗ ಯಾರೂ ಅತ್ತೆಯ ಎದೆಯಲ್ಲಿ ಏನಿದೆ ಎಂದು ಕೇಳುವುದಿಲ್ಲ.

ಆಮೇಲೆ ನಡೆದದ್ದು ಚೌಕಾಸಿ. ಬೇರೆ ಸಮಯ ತೆಗೆಯುವುದು ಬೇಡ, ಹೊಲಿಗೆಯ ಒಂದೊಂದು ಬಂಡಲ್ ಮುಗಿದಾಗಲೂ ಎದ್ದು ನಿಂತು, ಎರಡೂ ಅಂಗೈ ಸೊಂಟಕ್ಕೆ ಕೊಟ್ಟು, ಹಿಂದಕ್ಕೆ ಹತ್ತು ಸಲ ಬಾಗಿದರೆ ಸಾಕು ಎಂದು ಫಿಜಿಯೋಥೆರಪಿಸ್ಟ್ ಹೊಸ ದಾರಿ ಹಿಡಿದರು. "ಹತ್ತು ಆಗಂಗಿಲ್ರಿ, ಐದಕ್ಕ ಬಿಡ್ರಿ." "ಐದಕ್ಕೆ ಏನೂ ಆಗಲ್ಲಕ್ಕಾ. ಒಂಬತ್ತು ಮಾಡ್ರಿ." "ಏಳು." ಕೊನೆಗೆ ಎಂಟಕ್ಕೆ ಕುದುರಿತು. ಸ್ಟೂಲಿನ ಎತ್ತರವನ್ನೂ ಏರಿಸಬೇಕು, ಕೂತಾಗ ಸೊಂಟ ಮೊಣಕಾಲಿಗಿಂತ ತುಸು ಮೇಲಿರಬೇಕು ಎಂದಾಗ ಮಾತ್ರ ಅಕ್ಕ, "ಅದನ್ನ ನೀವೇ ನಮ್ಮ ಯಜಮಾನ್ರಿಗೆ ಹೇಳ್ರಿ, ನಾ ಹೇಳಿದ್ರ ಕೇಳಂಗಿಲ್ಲ" ಎಂದರು. ಫಿಜಿಯೋಥೆರಪಿಸ್ಟ್ ನನ್ನ ಯಂತ್ರದ ಗುಂಡಿಯನ್ನೊಮ್ಮೆ ನೋಡಿ, ಹೊರಗಿನ ಬೆಂಚಿನ ಕಡೆ ಹೋಗಿ, ಆ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಿ, ನಿಮ್ಮ ಮನೆಯ ಸ್ಟೂಲು ನೆಲದಿಂದ ಎಷ್ಟು ಗೇಣು ಎಂದು ಕೇಳತೊಡಗಿದರು.