ಬೆಂಕಿಯನ್ನು ಹೊರಗಿಟ್ಟ ಬೀದಿ: ಬರ್ಗೆನ್‌ನಲ್ಲಿ ಒಂದು ನಡಿಗೆ

ಮುಂಗಾರು ಹಿಡಿಯುವ ಮೊದಲು ಊರು ಬಿಟ್ಟರೆ ಮಳೆಯಿಂದ ತಪ್ಪಿಸಿಕೊಳ್ಳಬಹುದೆಂದು ಎಣಿಸಿ ಜೂನ್ ಮೊದಲ ವಾರದಲ್ಲಿ ಕುಂದಾಪುರದಿಂದ ಹೊರಟ ನಾವು, ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್ ನಗರದಲ್ಲಿ ವಿಮಾನದಿಂದ ಇಳಿದದ್ದೇ ಮಳೆಯಲ್ಲಿ. ಅಟ್ಲಾಂಟಿಕ್ ಕಡೆಯಿಂದ ಬೀಸುವ ತೇವದ ಗಾಳಿ ಊರನ್ನು ಸುತ್ತುವರಿದ ಬೆಟ್ಟಗಳಿಗೆ ತಡೆದು ನಿಲ್ಲುವುದರಿಂದ ಅಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮಲ್ಲಿಯಂತೆ ನಾಲ್ಕು ತಿಂಗಳು ಸುರಿದು ಮುಗಿಯುವ ಮಳೆಯಲ್ಲ ಅದು, ವರ್ಷವಿಡೀ ಚೂರುಚೂರಾಗಿ ಬೀಳುವಂಥದ್ದು. ಊರಿನಿಂದ ತಂದಿದ್ದ ಕೊಡೆ ಬಂದರಿನ ಗಾಳಿಗೆ ಮೊದಲ ದಿನವೇ ಮಗುಚಿ ಕಡ್ಡಿ ಮುರಿದುಕೊಂಡಿತು. ಇಷ್ಟು ಮಳೆಯ ಊರು ತನ್ನ ಚರಿತ್ರೆಯನ್ನು ಬೆಂಕಿಯ ಲೆಕ್ಕದಲ್ಲಿ ಹೇಳಿಕೊಳ್ಳುತ್ತದೆಂಬುದು ಮಾರನೆಯ ದಿನದ ನಡಿಗೆಯಲ್ಲಿ ತಿಳಿಯಿತು.

ನಡಿಗೆ ಆರಂಭವಾದದ್ದು ಬ್ರಿಗ್ಗೆನ್ ವಸ್ತುಸಂಗ್ರಹಾಲಯದಿಂದ. ಬ್ರಿಗ್ಗೆನ್ ಎಂದರೆ ಹಡಗುಕಟ್ಟೆ, ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ಧಕ್ಕೆ. ರಾಜ ಓಲಾವ್ ಕ್ಯೂರೆ 1070ರಲ್ಲಿ ಸ್ಥಾಪಿಸಿದನೆಂಬ ಪ್ರತೀತಿಯಿರುವ ಈ ಊರು ಬೆಳೆದದ್ದು ಈ ಧಕ್ಕೆಯ ಸುತ್ತಲೇ. ಹದಿನೈದು ಮಂದಿಯ ನಮ್ಮ ಗುಂಪಿಗೆ ಮಾರ್ಗದರ್ಶಿಯಾಗಿ ಬಂದವಳು ಇತಿಹಾಸ ಓದುತ್ತಿದ್ದ ವಿದ್ಯಾರ್ಥಿನಿ. ಧಕ್ಕೆಯ ಮರದ ಮನೆಗಳ ಚಿತ್ರವೊಂದನ್ನು ತೋರಿಸಿ, "ಇವುಗಳಲ್ಲಿ ಒಲೆ ಎಲ್ಲಿದ್ದಿರಬಹುದು? ನಡಿಗೆ ಮುಗಿಯುವುದರೊಳಗೆ ಊಹಿಸಿ" ಎಂದು ಹೇಳಿ, ಉತ್ತರಕ್ಕೆ ಕಾಯದೆ ನಮ್ಮನ್ನು ಕೆಳಗಿನ ಅಂತಸ್ತಿಗೆ ಕರೆದೊಯ್ದಳು.

ಅಲ್ಲಿ ಮಂದ ಬೆಳಕಿನಲ್ಲಿ ಹನ್ನೆರಡನೆಯ ಶತಮಾನದ ಮರದ ಕಟ್ಟಡಗಳ ತಳಪಾಯ ಹಾಗೆಯೇ ಉಳಿದಿದೆ. 1955ರ ಜುಲೈ 4ರಂದು ಬ್ರಿಗ್ಗೆನ್‌ನ ಒಂದು ಭಾಗ ಸುಟ್ಟುಹೋಯಿತು. ಆ ಖಾಲಿ ಜಾಗದಲ್ಲಿ ಪುರಾತತ್ತ್ವಜ್ಞ ಆಸ್‌ಬ್ಯೋರ್ನ್ ಹೆರ್ಟೈಗ್ ಅವರ ನೇತೃತ್ವದಲ್ಲಿ ನಡೆದ ಉತ್ಖನನ ಹದಿಮೂರು ವರ್ಷ ಸಾಗಿತು. ಸಂಗ್ರಹಾಲಯ 1976ರಲ್ಲಿ ತೆರೆಯಿತು. ಅಗೆದವರಿಗೆ ನೆರವಾದದ್ದು ಹಳೆಯ ಬೆಂಕಿಗಳೇ. 1198, 1248, 1332, 1413, 1476, 1702 ಹೀಗೆ ಒಂದೊಂದು ಅಗ್ನಿದುರಂತವೂ ಮಣ್ಣಿನಲ್ಲಿ ಇದ್ದಿಲು ಬೂದಿಯ ಒಂದು ಕರಿ ಪಟ್ಟಿಯನ್ನು ಬಿಟ್ಟುಹೋಗಿತ್ತು, ಬೆಂಕಿಯ ವರ್ಷಗಳು ದಾಖಲೆಗಳಲ್ಲಿ ಸಿಗುತ್ತಿದ್ದವು; ಆದ್ದರಿಂದ ಎರಡು ಪಟ್ಟಿಗಳ ನಡುವೆ ಸಿಕ್ಕ ಬಾಚಣಿಗೆಯೋ ಚೆಪ್ಪಲಿಯೋ ಯಾವ ಕಾಲದ್ದೆಂದು ಹೇಳುವುದು ಸಾಧ್ಯವಾಯಿತು. ಸುಟ್ಟ ಅವಶೇಷವನ್ನು ಊರಿನವರು ಪ್ರತಿ ಸಲವೂ ಸಮುದ್ರದ ಕಡೆಗೆ ತಳ್ಳಿ, ಅದರ ಮೇಲೆಯೇ ಹೊಸ ಕಟ್ಟೆ ಕಟ್ಟಿದ್ದರಿಂದ ದಡವೇ ಮುಂದೆ ಮುಂದೆ ಸರಿಯಿತು. ನಾವು ಆಮೇಲೆ ನಡೆದ ಬೀದಿಯ ಬಹುಭಾಗ ಒಂದು ಕಾಲದಲ್ಲಿ ನೀರು.

ಆ ಮಣ್ಣಿನಿಂದ ಸುಮಾರು 670 ರೂನ್ ಬರಹಗಳು ಹೊರಬಂದವು. ರೂನ್ ಎಂದರೆ ಕಲ್ಲಿನ ಮೇಲೆ ವೀರರ ಸ್ಮರಣೆಗೆ ಕೊರೆಯುವ ಲಿಪಿ ಎಂದೇ ತಿಳಿದಿದ್ದ ನನಗೆ ಈ ಬೆರಳುದ್ದದ ಕಡ್ಡಿಗಳು ಅಚ್ಚರಿ ತಂದವು. ಸರಕಿನ ಮೂಟೆಗೆ ಕಟ್ಟುವ ಹೆಸರಿನ ಚೀಟಿ, ವ್ಯಾಪಾರದ ಪತ್ರ, ಪ್ರಾರ್ಥನೆ, ಪ್ರೇಮದ ಸಾಲು, ಕೆಲವು ಪೋಲಿ ಮಾತುಗಳು, ಎಲ್ಲವನ್ನೂ ಜನ ಚಾಕುವಿನ ತುದಿಯಿಂದ ಮರದ ಮೇಲೆ ಕೆತ್ತುತ್ತಿದ್ದರು. ಒಂದರ ಮೇಲೆ "ನೀನು ಮನೆಗೆ ಹೋಗಬೇಕೆಂದು ಗ್ಯೂಡಾ ಹೇಳುತ್ತಾಳೆ" ಎಂದಿದೆ. ಇನ್ನೊಂದು ಬದಿಯಲ್ಲಿ ಉತ್ತರ ಬರೆಯಲು ಯತ್ನಿಸಿದಂತೆ ಕೆಲವು ಗೀರುಗಳಿವೆ, ಓದಲಾಗುವುದಿಲ್ಲ. ಗಂಡ ಹೆಂಡಗಡಂಗಿನಲ್ಲಿ ಕುಳಿತಿದ್ದನೆಂದು ಮಾರ್ಗದರ್ಶಿ ಊಹಿಸಿದಳು. ನನ್ನ ಹೆಂಡತಿ ಮಾತ್ರ ಅದನ್ನು ಊಹೆಯೆಂದು ಒಪ್ಪದೆ, ಗೀರುಗಳನ್ನು ನೋಡಿದರೇ ತಿಳಿಯುವುದಿಲ್ಲವೇ ಎಂದಳು.

ಹೊರಗೆ ಬಂದು ಧಕ್ಕೆಯ ಕಡೆಗೆ ತಿರುಗಿದರೆ ಕೆಂಪು, ಕಾವಿ, ಹಳದಿ, ಬಿಳಿ ಬಣ್ಣದ ಚೂಪು ಮಾಡಿನ ಮರದ ಮನೆಗಳ ಸಾಲು. ಎಲ್ಲರೂ ಚಿತ್ರ ತೆಗೆದುಕೊಳ್ಳುವುದು ಈ ಮುಖವನ್ನೇ. ಆದರೆ ಇವು ಮುಂದಿನಿಂದ ನೋಡುವ ಮನೆಗಳಲ್ಲ. ಒಂದೊಂದು ಮುಖದ ಹಿಂದೆಯೂ ಕಿರಿದಾದ ಹಲಗೆಹಾದಿಯ ಎರಡೂ ಬದಿಯಲ್ಲಿ ಕೋಣೆಗಳು, ಉಗ್ರಾಣಗಳು, ತೂಗುಪಡಸಾಲೆಗಳು ಬಹುದೂರ ಒಳಕ್ಕೆ ಚಾಚಿಕೊಂಡಿವೆ. 1702ರಲ್ಲಿ ಎಲ್ಲವೂ ಸುಟ್ಟ ಮೇಲೆ ಹಳೆಯ ನಕ್ಷೆಯಂತೆಯೇ ಮತ್ತೆ ಕಟ್ಟಿದ್ದರಿಂದ, ಮರ ಮುನ್ನೂರು ವರ್ಷದ್ದಾದರೂ ಹಾದಿಯ ಅಳತೆ ಮಧ್ಯಯುಗದ್ದು. 1979ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಹಾದಿಯೊಳಗೆ ಕಾಲಿಟ್ಟೊಡನೆ ಬಂದರಿನ ಗದ್ದಲ ಕುಗ್ಗಿ, ಒದ್ದೆ ಮರದ ಮತ್ತು ಡಾಂಬರಿನ ವಾಸನೆ ಮೂಗಿಗೆ ಬಡಿಯುತ್ತದೆ.

ಇಲ್ಲಿ ವ್ಯಾಪಾರಕ್ಕಿದ್ದದ್ದು ಒಣಮೀನು. ಉತ್ತರದ ಲೋಫೋಟೆನ್ ದ್ವೀಪಗಳಲ್ಲಿ ಚಳಿಗಾಲದ ಕೊನೆಗೆ ಹಿಡಿದ ಕಾಡ್ ಮೀನನ್ನು ಬಾಲಕ್ಕೆ ಬಾಲ ಕಟ್ಟಿ, ಮರದ ಅಟ್ಟಣೆಗಳ ಮೇಲೆ ತೂಗುಹಾಕಿ, ಉಪ್ಪನ್ನೇ ತಾಗಿಸದೆ ತಣ್ಣನೆಯ ಗಾಳಿಗೆ ಒಣಗಿಸುತ್ತಿದ್ದರು, ಇಂದಿಗೂ ಹಾಗೆಯೇ ಒಣಗಿಸುತ್ತಾರೆ. ಕೊಳೆಯಲಾಗದ ಚಳಿ ಮತ್ತು ಒಡೆಯುವಷ್ಟು ಹೆಪ್ಪುಗಟ್ಟದ ಹದ, ಎರಡೂ ಕೂಡಿಬರುವ ಊರು ಅದು. ಬಿಸಿಲಿಗೂ ಉಪ್ಪಿಗೂ ಮೊರೆಹೋಗುವ ನಮ್ಮ ಕರಾವಳಿಯ ಒಣಮೀನಿಗೆ ಈ ಭಾಗ್ಯವಿಲ್ಲ. ಕಟ್ಟಿಗೆಯಂತೆ ಗಟ್ಟಿಯಾದ ಮೀನು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಾಂಸ ವರ್ಜ್ಯವಾದ ಉಪವಾಸದ ದಿನಗಳಲ್ಲಿ ಯುರೋಪಿನ ಕ್ರೈಸ್ತರಿಗೆ ಬೇಕಾದ ಆಹಾರವೂ ಅದೇ. ಉತ್ತರ ಜರ್ಮನಿಯ ವರ್ತಕ ನಗರಗಳ ಹಾನ್ಸಾ ಒಕ್ಕೂಟ ಸುಮಾರು 1360ರಲ್ಲಿ ಇಲ್ಲಿ ತನ್ನ ಕಚೇರಿ ತೆರೆದು, ಲ್ಯೂಬೆಕ್‌ನಿಂದ ಧಾನ್ಯ ತಂದು ಮೀನು ಒಯ್ಯತೊಡಗಿತು. ಸಾಕಷ್ಟು ಧಾನ್ಯ ಬೆಳೆಯದ ನಾಡಿನ ಬೆಸ್ತ ಮುಂದಿನ ವರ್ಷದ ಮೀನಿನ ಮೇಲೆ ಈ ವರ್ಷದ ಹಿಟ್ಟನ್ನು ಸಾಲ ಪಡೆಯುತ್ತಿದ್ದ, ಹಾಗೆ ಪಡೆದವನು ಅದೇ ವರ್ತಕನ ಬಾಗಿಲಿಗೇ ಮತ್ತೆ ಬರಬೇಕಾಗುತ್ತಿತ್ತು. ಕಚೇರಿಯ ಲಾಂಛನದಲ್ಲಿ ಅರ್ಧ ಲ್ಯೂಬೆಕ್‌ನ ಹದ್ದು, ಉಳಿದರ್ಧ ಕಿರೀಟ ತೊಟ್ಟ ಒಣಮೀನು. ಕಿರೀಟ ಮೀನಿನ ತಲೆಯ ಮೇಲಿದ್ದರೂ ಲಾಭ ಯಾರ ಪಾಲಿನದೆಂಬುದು ನನಗೆ ಸ್ಪಷ್ಟವಾಗಿತ್ತು. ಕಚೇರಿ 1754ರಲ್ಲಿ ಮುಚ್ಚಿತು.

ಇಲ್ಲಿದ್ದ ಜರ್ಮನರು ಯಜಮಾನನಿಂದ ಹಿಡಿದು ಕೆಲಸ ಕಲಿಯಲು ಬಂದ ಹುಡುಗರವರೆಗೆ ಎಲ್ಲರೂ ಅವಿವಾಹಿತ ಗಂಡಸರು. ಊರಿನವರೊಂದಿಗೆ ನಂಟು ಬೆಳೆಸಬಾರದೆಂಬುದು ಕಟ್ಟಳೆ. ಹುಡುಗರು ಮಲಗುತ್ತಿದ್ದದ್ದು ಗೋಡೆಯೊಳಗಿನ ಕಪಾಟಿನಂಥ ಮಂಚಗಳಲ್ಲಿ, ಒಂದರಲ್ಲಿ ಇಬ್ಬರು. ಹೊಸದಾಗಿ ಬಂದವರನ್ನು ಹೊಗೆಗೂಡಿನ ಬಳಿ ತೂಗುಹಾಕುವ, ತಣ್ಣೀರಿನಲ್ಲಿ ಅದ್ದುವ "ಆಟ"ಗಳಿದ್ದವು. ಇವುಗಳನ್ನು ಮಾರ್ಗದರ್ಶಿ ತಮಾಷೆಯಾಗಿಯೇ ವಿವರಿಸಿದಳು. ಕೇಳುತ್ತಿದ್ದ ನಮಗೆ ನಗು ಬರಲಿಲ್ಲ.

ನಡುವೆ ಒಂದು ಕಡೆ ಇಡೀ ಮನೆಯನ್ನೇ ಜಾಕಿಯ ಮೇಲೆ ಎತ್ತಿ ನಿಲ್ಲಿಸಿದ್ದರು. ಕೊಳೆತ ಬುಡದ ತೊಲೆಗಳನ್ನು ತೆಗೆದು, ಕೊಡಲಿಯಿಂದ ಕೆತ್ತಿದ ಹೊಸ ತೊಲೆಗಳನ್ನು ಸೇರಿಸುವ ಕೆಲಸ ನಡೆದಿತ್ತು. ಹಳೆಯ ಕಪ್ಪು ಮರದ ನಡುವೆ ಹೊಸದು ಬೆಣ್ಣೆಬಣ್ಣದಲ್ಲಿ ಎದ್ದು ಕಾಣುತ್ತಿತ್ತು. 1955ರ ಬೆಂಕಿ ಖಾಲಿ ಮಾಡಿದ ಜಾಗದಲ್ಲಿ ಎದ್ದ ಹೊಸ ಕಟ್ಟಡವೊಂದರ ತಳಪಾಯದ ಕಡೆಗೆ ಅಂತರ್ಜಲ ಬಸಿದುಹೋಗಿ, ನೀರಿನಲ್ಲಿ ಮುಳುಗಿದ್ದಷ್ಟು ಕಾಲ ಕೆಡದೆ ಉಳಿದ ಕೆಳಗಿನ ಮರ ಗಾಳಿ ಸೋಕಿ ಕೊಳೆಯತೊಡಗಿತ್ತು, ಮನೆಗಳು ಕುಸಿಯತೊಡಗಿದ್ದವು. ಈಗ ಮಳೆನೀರನ್ನೇ ಮತ್ತೆ ನೆಲಕ್ಕಿಳಿಸುತ್ತಿದ್ದಾರೆ. ಮಳೆಯನ್ನು ಶಪಿಸುತ್ತಿದ್ದ ನಮ್ಮ ಗುಂಪು ಅಷ್ಟು ಹೊತ್ತು ಸುಮ್ಮನಾಯಿತು.

ಒಲೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೊನೆಯಲ್ಲಿ, ಸಂತ ಮೇರಿಯ ಚರ್ಚಿನ ಬಳಿ. ಬರ್ಗೆನ್‌ನಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡವಾದ ಈ ಕಲ್ಲಿನ ಚರ್ಚು ಹನ್ನೆರಡನೆಯ ಶತಮಾನದ್ದು, 1408ರಿಂದ 1766ರವರೆಗೆ ಜರ್ಮನರ ಕೈಯಲ್ಲಿತ್ತು. ಅದರ ಪಕ್ಕದ ಕಟ್ಟಡಗಳಿಗೆ ಶೋಟ್‌ಸ್ಟುವೆ ಎಂದು ಹೆಸರು. ಧಕ್ಕೆಯ ಮನೆಗಳಲ್ಲಿ ದೀಪಕ್ಕೂ ಒಲೆಗೂ ನಿಷೇಧವಿದ್ದುದರಿಂದ, ಅಡುಗೆಯೂ ಮೈ ಕಾಯಿಸಿಕೊಳ್ಳುವುದೂ ಇಲ್ಲಿಯೇ ಆಗಬೇಕು. ಚಳಿಗಾಲದ ಉದ್ದನೆಯ ಕತ್ತಲಿನಲ್ಲಿ ಲೆಕ್ಕ ಬರೆದು ಬೆರಳು ಮರಗಟ್ಟಿದ ಹುಡುಗರು ಊಟಕ್ಕೆ, ಬಿಯರಿಗೆ, ಪಾಠಕ್ಕೆ, ಕಡೆಗೆ ದಂಡನೆಗೂ ಈ ಹಜಾರಕ್ಕೇ ಬರುತ್ತಿದ್ದರು. ಉದ್ದನೆಯ ಬೆಂಚಿನ ಮೇಲೆ ಕೂತು, ಒಳಗಿನ ಕಲ್ಲಿನ ಅಡುಗೆಮನೆಯ ಅಗಲವಾದ ಒಲೆಯನ್ನು ನೋಡುತ್ತ, ಒದ್ದೆ ಕಾಲುಚೀಲದಲ್ಲಿ ನಡುಗುತ್ತಿದ್ದ ನನಗೆ ಅವರ ಸ್ಥಿತಿ ಸ್ವಲ್ಪಮಟ್ಟಿಗೆ ಅರ್ಥವಾಯಿತು.

ಮಧ್ಯಾಹ್ನ ನಾವಿಬ್ಬರೇ ಕೋಟೆಗೆ ಹೋದೆವು. 1261ರಲ್ಲಿ ರಾಜಕುಮಾರ ಮಾಗ್ನುಸ್‌ನ ಮದುವೆ ನಡೆದ ಹೋಕೊನ್ ಸಭಾಭವನದ ಮಾಡು, 1944ರ ಏಪ್ರಿಲ್ 20ರಂದು ಬಂದರಿನಲ್ಲಿ ಮದ್ದುಗುಂಡು ತುಂಬಿದ ಡಚ್ ಹಡಗು ವೂರ್‌ಬೋಡೆ ಸಿಡಿದಾಗ ಹಾರಿಹೋಯಿತು; ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಭವನ ಮತ್ತೆ ತೆರೆದದ್ದು 1961ರಲ್ಲಿ. ಅಲ್ಲಿಂದ ಹಿಂದಿರುಗಿ ಊರಿನ ದೊಡ್ಡ ಚೌಕ ಟೋರ್ಗ್‌ಆಲ್ಮೆನಿಂಗೆನ್ ದಾಟುವಾಗ, ಅಷ್ಟು ಇಕ್ಕಟ್ಟಿನ ಊರಿನಲ್ಲಿ ಇಷ್ಟು ಅಗಲದ ಬಯಲೇಕೆಂದು ಕೇಳುವ ಅಗತ್ಯ ಬೀಳಲಿಲ್ಲ. ಬೆಂಕಿ ಒಂದು ಕೇರಿಯಿಂದ ಇನ್ನೊಂದಕ್ಕೆ ಹಾರದಿರಲೆಂದು ಬಿಟ್ಟ ಜಾಗ ಅದು. 1916ರ ಜನವರಿಯಲ್ಲಿ ಗಾಳಿ ಜೋರಾಗಿ ಬೀಸಿ ಆ ಲೆಕ್ಕಾಚಾರವೂ ತಪ್ಪಿತು, ನಗರದ ನಡುಭಾಗ ಸುಟ್ಟಿತು.

ಬಾಡಿಗೆಗೆ ಹಿಡಿದಿದ್ದ ಮನೆಯೂ ಬೆಟ್ಟದ ಮಗ್ಗುಲಿನ ಓಣಿಯೊಂದರ ಮರದ ಮನೆಯೇ. ಪೇಟೆಯಲ್ಲಿ ಕೊಂಡ ಒಣಮೀನಿನ ತುಂಡನ್ನು ಹಲವು ದಿನ ನೀರಿನಲ್ಲಿ ನೆನೆಸಬೇಕೆಂದು ತಿಳಿದು ಪೆಟ್ಟಿಗೆಗೆ ಸೇರಿಸಿದೆವು. ಊಟಕ್ಕೆ ನನ್ನ ಹೆಂಡತಿ ಅನ್ನ, ಸಾರು ಮಾಡಿ, ಊರಿನಿಂದ ತಂದಿದ್ದ ಹಲಸಿನ ಹಪ್ಪಳವನ್ನು ಒಲೆಯ ಮೇಲೆ ಸುಟ್ಟಳು. ಎರಡನೆಯ ಹಪ್ಪಳಕ್ಕೇ ಮಾಡಿನಲ್ಲಿದ್ದ ಹೊಗೆಯ ಗಂಟೆ ಕಿರುಚಿಕೊಂಡಿತು. ಮೇಲಿನ ಮನೆಯ ಮುದುಕರು ಬರಿಗಾಲಿನಲ್ಲಿಯೇ ಓಡಿಬಂದರು. ಒಳಗೆ ಬಂದವರು ನಮ್ಮಿಬ್ಬರನ್ನೂ ನೋಡದೆ ಮೊದಲು ಒಲೆ ಆರಿಸಿ, ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ಆಮೇಲೆ ತಟ್ಟೆಯಲ್ಲಿದ್ದ ಹಪ್ಪಳದತ್ತ ಕಣ್ಣು ಹಾಯಿಸಿದರು. ಹೆಂಡತಿ ಒಂದನ್ನು ಮುರಿದು ಕೊಟ್ಟಳು. ತಿಂದು, ಚೆನ್ನಾಗಿದೆಯೆಂದು ತಲೆಯಾಡಿಸಿ, ಹೋಗುವಾಗ ಒಲೆ ಆರಿದೆಯೇ ಎಂದು ಮತ್ತೊಮ್ಮೆ ನೋಡಿಕೊಂಡು ಮೆಟ್ಟಿಲು ಹತ್ತಿದರು.