ನಮ್ಮ ಸೋಮ

ಎದುರು ಮನೆಯ ಹಿರಿಯರು ಮೂರು ತಿಂಗಳು ನಮ್ಮ ಜೊತೆ ಮಾತು ಬಿಟ್ಟಿದ್ದರು. ಕಾರಣ ನಮ್ಮ ನಾಯಿಯ ಹೆಸರು. ಅವರನ್ನೂ ಮನೆಯಲ್ಲಿ ಸೋಮ ಅಂತಲೇ ಕರೆಯುವುದು.

ಬೇಕಂತ ಇಟ್ಟಿದ್ದಲ್ಲ. ಒಂದು ಸೋಮವಾರ ಬೆಳಿಗ್ಗೆ ಜೋರು ಮಳೆ. ನಮ್ಮ ಸಂಪಿನ ಮುಚ್ಚಳದ ಮೇಲೆ ಮರಿಯೊಂದು ನಡುಗುತ್ತಾ ಕೂತಿತ್ತು. ಮೈಯೆಲ್ಲ ಕಂದು, ಎಡಗಿವಿ ಮಾತ್ರ ಬಿಳಿ. ಅಮ್ಮ ಹಳೇ ಪಂಚೆಯಲ್ಲಿ ಸುತ್ತಿ ಒಳಗೆ ತಂದರು. ಮಕ್ಕಳು ಟಾಮಿ, ರಾಕಿ, ಟೈಗರ್ ಅಂತ ಶುರು ಮಾಡಿದವು. ಅಮ್ಮ ಒಪ್ಪಲಿಲ್ಲ. "ಸೋಮವಾರ ಬಂದವ್ನು, ಸೋಮ. ನಾವು ಮಕ್ಕಳಿಗೂ ಹಿಂಗೇ ಅಲ್ವಾ ಇಡ್ತಿದ್ದಿದ್ದು?" ಅಂದರು. ಅಲ್ಲಿಗೆ ಮುಗಿಯಿತು.

ಹಿರಿಯರ ಬೇಜಾರು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ನಾಯಿ ಅನ್ನುವುದೇ ಬೈಗುಳ. "ಸೋಮ, ಚಪ್ಪಲಿ ಬಿಡೋ!" ಅಂತ ನಾನು ಗೇಟಿನಲ್ಲಿ ನಿಂತು ಕಿರುಚಿದಾಗ ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ಮಡಚಿ ಒಳಗೆ ಹೋದರು. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅವತ್ತಿನಿಂದ ಮನೆಯಲ್ಲಿ ಒಂದು ಕಟ್ಟುಪಾಡು. ಬೈಯುವಾಗ ಹೆಸರು ಹಿಡಿಯುವಂತಿಲ್ಲ. ಬೈಯಲು "ಏಯ್" ಸಾಕು. ಊಟಕ್ಕೆ, ವಾಕಿಂಗಿಗೆ, ಮುದ್ದಿಗೆ ಮಾತ್ರ ಸೋಮ. ಇಂಜೆಕ್ಷನ್ ಹಾಕಿಸಲು ಹೋದಾಗ ಡಾಕ್ಟರೂ ಅದೇ ಹೇಳಿದರು: ಹೆಸರು ಹಿಡಿದು ಗದರಿಸಿದರೆ ನಾಯಿ ಹೆಸರಿಗೇ ಹೆದರುತ್ತದೆ, ಕರೆದರೂ ಬರುವುದಿಲ್ಲ. ನಮ್ಮವನು ಹೆಸರು ಕಿವಿಗೆ ಬಿದ್ದರೆ ಸಾಕು, ತಟ್ಟೆ ಬಿಟ್ಟು ಓಡಿ ಬರುತ್ತಾನೆ.

ನಾಯಿಗೆ ಮನುಷ್ಯರ ಹೆಸರು ಯಾಕೆ ಅಂತ ಕೇಳುವವರಿಗೆ ನಾನು ಆತಕೂರಿನ ಕಲ್ಲಿನ ಕಥೆ ಹೇಳುತ್ತೇನೆ. ನಮ್ಮ ಮಂಡ್ಯ ಜಿಲ್ಲೆಯದೇ. ಸುಮಾರು 950ನೇ ಇಸವಿಯದು. ಯುದ್ಧದಲ್ಲಿ ಗೆದ್ದ ಮಣಲೆರ ಅನ್ನುವ ವೀರನಿಗೆ ಏನು ಬೇಕೋ ಕೇಳು ಅಂದರೆ, ಅವನು ಕೇಳಿದ್ದು ರಾಜನ ಬೇಟೆನಾಯಿಯನ್ನು. ಆ ನಾಯಿಯ ಹೆಸರು ಕಾಳಿ. ಮುಂದೆ ಅದು ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಆ ಕಲ್ಲನ್ನು ನೋಡಿದ್ದೇನೆ. ನಾಯಿ, ಹಂದಿ ಒಂದರ ಮೇಲೊಂದು ಬಿದ್ದಿವೆ. ಸಾವಿರ ವರ್ಷ ಕಳೆದರೂ ಹೆಸರು ಉಳಿದಿದೆ.

ಕೊನೆಗೆ ಒಂದು ಸಂಜೆ ಧೈರ್ಯ ಮಾಡಿ ಎದುರು ಮನೆಗೆ ಹೋಗಿ ಇದನ್ನೇ ಹೇಳಿದೆ. ಹಿರಿಯರು ಸುಮ್ನೆ ಕೇಳಿಸಿಕೊಂಡರು. ಸೋಮ ಅವರ ಕಾಲ ಬಳಿಯೇ ಮಲಗಿದ್ದ.

"ಕಾಳಿ ಅಂದ್ಯಾ?" ಅಂದರು. "ನಮ್ಮಜ್ಜಿ ಹೆಸರೂ ಕಾಳಮ್ಮ ಕಣಮ್ಮ."